ಬಾಡಿಯೋ ಲೆನ್ಸೋ: ಕ್ಯಾಮೆರಾ ಉತ್ತಮಪಡಿಸುವವರ ಮುಂದಿರುವ ಆಯ್ಕೆ

ಲೆನ್ಸ್ ಕಳಚಿ ಬೇರೊಂದನ್ನು ಕೂಡಿಸಬಹುದಾದ ಕ್ಯಾಮೆರಾದಲ್ಲಿ ಎರಡು ಭಾಗಗಳಿವೆ. ಮುಂದಿರುವ ಲೆನ್ಸ್ ಎದುರಿನ ದೃಶ್ಯದಿಂದ ಬರುವ ಬೆಳಕನ್ನು ಬಾಗಿಸಿ ಬಿಂಬವನ್ನು ಮೂಡಿಸುತ್ತದೆ. ಹಿಂದಿರುವ ಬಾಡಿ ಆ ಬಿಂಬವನ್ನು ಸೆನ್ಸರಿನ ಮೇಲೆ ಹಿಡಿದು, ಶಟರ್ ಎಷ್ಟು ಹೊತ್ತು ತೆರೆದಿರಬೇಕು, ಫೋಕಸ್ ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸಿ, ಸಿಕ್ಕಿದ್ದನ್ನು ಕಾರ್ಡಿಗೆ ಬರೆಯುತ್ತದೆ. ಮೊದಲ ಸಲ ಕ್ಯಾಮೆರಾ ಕೊಳ್ಳುವವರಿಗೆ ಬಹುಪಾಲು ಇವೆರಡೂ ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತವೆ: ಕ್ರಾಪ್ ಸೆನ್ಸರಿನ ಒಂದು ಬಾಡಿ, ಜೊತೆಗೆ 18–55 ಮಿ.ಮೀ.ನಂಥ ಒಂದು ಕಿಟ್ ಲೆನ್ಸ್. ಒಂದೆರಡು ವರ್ಷ ಅದರಲ್ಲಿ ಕೈ ಪಳಗಿ, ಮತ್ತೆ ಒಂದಿಷ್ಟು ಹಣ ಕೂಡಿದಾಗ, ಅದನ್ನು ಹೊಸ ಬಾಡಿಗೆ ಹಾಕಬೇಕೋ ಒಳ್ಳೆಯ ಲೆನ್ಸಿಗೆ ಹಾಕಬೇಕೋ ಎಂಬ ಪ್ರಶ್ನೆ ಏಳುತ್ತದೆ. ಮೊದಲು ಲೆನ್ಸ್ ಎನ್ನುವುದು ಹಳೆಯ ಛಾಯಾಗ್ರಾಹಕರ ಉತ್ತರ. ಆ ಉತ್ತರ ಹುಟ್ಟಿದ್ದು ಫಿಲ್ಮ್ ಕಾಲದಲ್ಲಿ, ಅದರ ಕಾರಣಗಳೂ ಆ ಕಾಲದವು. ಡಿಜಿಟಲ್ ಬಂದ ಮೇಲೆ ಕೆಲವು ವರ್ಷ ಅದು ತಪ್ಪೂ ಆಗಿತ್ತು. ಇಂದು ಅದು ಮತ್ತೆ ಸರಿಯಾಗಿದೆ. ಆದರೆ ಬೇರೆಯೇ ಕಾರಣಗಳಿಗಾಗಿ, ಮತ್ತು ಕೆಲವು ಕೆಲಸಗಳನ್ನು ಹೊರತುಪಡಿಸಿ. ಈ ತಿರುವುಗಳನ್ನು ತಿಳಿಯದೆ ಹಳೆಯ ಮಾತನ್ನು ಪಾಲಿಸಿದರೂ ಹಣ ದಂಡವಾಗಬಹುದು, ತಳ್ಳಿಹಾಕಿದರೂ ಆಗಬಹುದು.

ಛಾಯಾಗ್ರಹಣದ ಮೊದಲ ದೊಡ್ಡ ಜಿಗಿತದಲ್ಲಿಯೇ ಲೆನ್ಸಿನ ಪಾಲು ಎದ್ದು ಕಾಣುತ್ತದೆ. 1839ರಲ್ಲಿ ಪ್ಯಾರಿಸ್ಸಿನಲ್ಲಿ, ಬೆಳ್ಳಿಯ ತಗಡಿನ ಮೇಲೆ ಚಿತ್ರ ಮೂಡಿಸುವ ದಾಗೇರನ ವಿಧಾನ ಬಹಿರಂಗವಾದಾಗ ಆತನ ಕ್ಯಾಮೆರಾಕ್ಕಿದ್ದದ್ದು ಷೆವಾಲಿಯೆ ಮಾಡಿಕೊಟ್ಟ ಲೆನ್ಸ್. ಬಿಂಬ ಚೊಕ್ಕವಾಗಿ ಮೂಡಬೇಕಾದರೆ ಅದರ ಬಾಯನ್ನು ತೀರ ಕಿರಿದು ಮಾಡಬೇಕಿತ್ತು. ಹಾಗಾಗಿ ಬಿಸಿಲಿನಲ್ಲೂ ನಿಮಿಷಗಟ್ಟಲೆ ಬೆಳಕು ಉಣಿಸಬೇಕಾಗುತ್ತಿತ್ತು. ಕಟ್ಟಡಕ್ಕೆ, ಪ್ರತಿಮೆಗೆ ಅದು ಸಾಕು, ಮನುಷ್ಯನ ಮುಖಕ್ಕೆ ಸಾಲದು. ಮರುವರ್ಷವೇ ವಿಯೆನ್ನಾದ ಗಣಿತಜ್ಞ ಯೋಸೆಫ್ ಪೆಟ್ಸ್‌ವಾಲ್ ಲೆಕ್ಕದ ಬಲದಿಂದಲೇ ಭಾವಚಿತ್ರಕ್ಕೆಂದು ಒಂದು ಲೆನ್ಸ್ ರೂಪಿಸಿದ. ಫೋಕ್ಟ್‌ಲೆಂಡರ್ ಅದನ್ನು ತಯಾರಿಸಿದ. ಅದರ ಬಾಯಿ ಸುಮಾರು ಎಫ್ 3.6 (ಈ ಅಂಕಿ ಚಿಕ್ಕದಾದಷ್ಟೂ ಬಾಯಿ ಅಗಲ), ಹಿಂದಿನದಕ್ಕೆ ಹೋಲಿಸಿದರೆ ಹದಿನೈದರಿಂದ ಇಪ್ಪತ್ತು ಪಟ್ಟು ಹೆಚ್ಚು ಬೆಳಕು. ಅದೇ ಹೊತ್ತಿನಲ್ಲಿ ಬೆಳ್ಳಿಯ ತಗಡಿಗೆ ಅಯೊಡಿನ್ ಜೊತೆ ಬ್ರೋಮಿನ್ ಹೊಗೆಯನ್ನೂ ಹಿಡಿಸಿ ಅದರ ಸೂಕ್ಷ್ಮತೆ ಹೆಚ್ಚಿಸುವ ಉಪಾಯವೂ ಹೊರಬಂತು ಎಂಬುದನ್ನು ಮರೆಯಬಾರದು. ಲೆನ್ಸ್ ಒಂದು ಕಡೆಯಿಂದ, ತಗಡು ಇನ್ನೊಂದು ಕಡೆಯಿಂದ ಸೇರಿ ನಿಮಿಷಗಳನ್ನು ಸೆಕೆಂಡುಗಳಿಗೆ ಇಳಿಸಿದವು, ಊರೂರಲ್ಲಿ ಸ್ಟುಡಿಯೋಗಳು ಹುಟ್ಟಿಕೊಂಡವು. ಇವೆರಡರ ನಡುವೆ ಕ್ಯಾಮೆರಾದ ಮರದ ಪೆಟ್ಟಿಗೆ ಹೆಚ್ಚುಕಡಿಮೆ ಇದ್ದ ಹಾಗೆಯೇ ಇತ್ತು.

ಇಪ್ಪತ್ತನೆಯ ಶತಮಾನದ ಫಿಲ್ಮ್ ಕ್ಯಾಮೆರಾವೂ ಮೂಲತಃ ಬೆಳಕು ಸೋರದ ಪೆಟ್ಟಿಗೆಯೇ. ಫಿಲ್ಮನ್ನು ಚಪ್ಪಟೆಯಾಗಿ ಹಿಡಿಯುವುದು, ಶಟರನ್ನು ಹೇಳಿದಷ್ಟು ಹೊತ್ತು ತೆರೆಯುವುದು, ಆಮೇಲೆ ರೋಲನ್ನು ಮುಂದಕ್ಕೆ ಸುತ್ತುವುದು ಅದರ ಕೆಲಸ. ಬಣ್ಣ, ಕಣ, ಬೆಳಕಿನ ಸೂಕ್ಷ್ಮತೆ ಎಲ್ಲ ಇದ್ದದ್ದು ರೋಲಿನಲ್ಲಿ. 1936ರಲ್ಲಿ 35 ಮಿ.ಮೀ. ಕೊಡಾಕ್ರೋಮ್ ಬಣ್ಣದ ಫಿಲ್ಮ್ ಬಂದಾಗ ಹಳೆಯ ಲೈಕಾ ಇದ್ದವರು ಹೊಸ ಬಾಡಿ ಕೊಳ್ಳಬೇಕಾಗಲಿಲ್ಲ. ಹೊಸ ರೋಲು ಹಾಕಿದರೆ ಆ ಕ್ಯಾಮೆರಾವೇ ಬಣ್ಣದ ಕ್ಯಾಮೆರಾ ಆಗುತ್ತಿತ್ತು. ಅಂದರೆ ಸೆನ್ಸರ್ ಅಂಗಡಿಯಲ್ಲಿ ಬಿಡಿಯಾಗಿ, ಕಡಿಮೆ ಬೆಲೆಗೆ ಸಿಗುತ್ತಿತ್ತು. ಹೀಗಿರುವಾಗ ಚಿತ್ರದ ಗುಣವನ್ನು ಹೆಚ್ಚಿಸಲು ಹಣ ಹಾಕಬಹುದಾದ ಶಾಶ್ವತ ವಸ್ತು ಎಂದರೆ ಲೆನ್ಸ್ ಒಂದೇ. 1950ರಲ್ಲಿ ಟೋಕಿಯೋದಲ್ಲಿದ್ದ 'ಲೈಫ್' ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್, ಜಪಾನಿನ 85 ಮಿ.ಮೀ. ಎಫ್ 2 ನಿಕ್ಕೊರ್ ಲೆನ್ಸಿನಲ್ಲಿ ತೆಗೆದ ಚಿತ್ರ ನೋಡಿ ಬೆರಗಾಗಿ, ಆ ಕಂಪನಿಯ ಲೆನ್ಸ್‌ಗಳನ್ನು ತನ್ನ ಜರ್ಮನ್ ಲೈಕಾ ಬಾಡಿಗಳಿಗೆ ಹಾಕಿಕೊಂಡು ಕೊರಿಯಾ ಯುದ್ಧಕ್ಕೆ ಹೋದ. ಅಲ್ಲಿಂದ ಬಂದ ಚಿತ್ರಗಳ ಚೊಕ್ಕತನ ನಿಕಾನ್ ಹೆಸರನ್ನು ಅಮೆರಿಕಕ್ಕೆ ಮುಟ್ಟಿಸಿತು. ವೃತ್ತಿಪರರ ನೆಚ್ಚಿನ ಕ್ಯಾಮೆರಾವಾದ ಆ ಕಂಪನಿಯ ನಿಕಾನ್ ಎಫ್ ಬಂದದ್ದು 1959ರಲ್ಲಿ. ಲೆನ್ಸಿನ ಕೀರ್ತಿ ಬಾಡಿಗಿಂತ ಒಂಬತ್ತು ವರ್ಷ ಮುಂದೆ ನಡೆದಿತ್ತು.

ಸಿನಿಮಾದಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನವಿದೆ, ಅದರಲ್ಲಿ ಕನ್ನಡ ನಾಡಿನ ಪಾಲೂ ಇದೆ. 1953ರಲ್ಲಿ ಹಾಲಿವುಡ್ ತಂದ ಸಿನಿಮಾಸ್ಕೋಪ್ ಎಂಬ ವಿಶಾಲ ಪರದೆಯ ತಂತ್ರಕ್ಕೆ ಹೊಸ ಬಗೆಯ ಕ್ಯಾಮೆರಾ ಬೇಕಿರಲಿಲ್ಲ, ಅಗಲವಾದ ಫಿಲ್ಮೂ ಬೇಕಿರಲಿಲ್ಲ. ಫ್ರೆಂಚ್ ವಿಜ್ಞಾನಿ ಆನ್ರಿ ಕ್ರೆತಿಯೆನ್ ರೂಪಿಸಿದ ಅನಾಮಾರ್ಫಿಕ್ ಲೆನ್ಸ್ ದೃಶ್ಯವನ್ನು ಅಡ್ಡಕ್ಕೆ ಅರ್ಧದಷ್ಟು ಒತ್ತಿ ಅದೇ 35 ಮಿ.ಮೀ. ಫಿಲ್ಮಿನೊಳಗೆ ಕೂರಿಸುತ್ತಿತ್ತು, ಚಿತ್ರಮಂದಿರದ ಪ್ರೊಜೆಕ್ಟರಿನ ಲೆನ್ಸ್ ಅದನ್ನು ಮತ್ತೆ ಬಿಡಿಸುತ್ತಿತ್ತು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 1959ರ 'ಕಾಗಜ್ ಕೆ ಫೂಲ್'. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಅದರ ನಿರ್ದೇಶಕರು, ಮೈಸೂರಿನವರಾದ ವಿ.ಕೆ. ಮೂರ್ತಿ ಅದರ ಛಾಯಾಗ್ರಾಹಕರು. ಆ ಚಿತ್ರದ ಅಗಲವಾದ ಚೌಕಟ್ಟು, ಅದರೊಳಗಿನ ಏಕಾಂಗಿ ಮನುಷ್ಯರು, ಇವೆಲ್ಲ ಮುಂದಿನ ಗಾಜಿನ ಕೊಡುಗೆ. ಸ್ಟ್ಯಾನ್ಲಿ ಕುಬ್ರಿಕ್ 1975ರ 'ಬ್ಯಾರಿ ಲಿಂಡನ್' ಚಿತ್ರದ ಕೆಲವು ದೃಶ್ಯಗಳನ್ನು ಮೇಣದ ಬತ್ತಿಯ ಬೆಳಕಿನಲ್ಲಿಯೇ ತೆಗೆಯಲು ಹೊರಟಾಗ ಆರಿಸಿಕೊಂಡದ್ದು ತ್ಸೈಸ್ ಕಂಪನಿ ನಾಸಾಕ್ಕಾಗಿ ಮಾಡಿದ್ದ 50 ಮಿ.ಮೀ. ಎಫ್ 0.7 ಲೆನ್ಸನ್ನು. ಅದರ ಹಿಂಬದಿಯ ಗಾಜು ಫಿಲ್ಮಿಗೆ ಬಹಳ ಹತ್ತಿರ ಬರಬೇಕಾಗಿದ್ದರಿಂದ ಮಿಚೆಲ್ ಕ್ಯಾಮೆರಾದ ಬಾಡಿಯನ್ನೇ ಕೊರೆದು ಮಾರ್ಪಡಿಸಿದರು. ಲೆನ್ಸ್ ಇಂಥದ್ದು ಎಂದು ನಿಶ್ಚಯವಾಯಿತು, ಬಾಡಿ ಅದಕ್ಕೆ ಒಗ್ಗಿಕೊಂಡಿತು.

ಈ ಇತಿಹಾಸವನ್ನು ಮುಂದಿಟ್ಟು ಲೆನ್ಸಿನ ಪರ ವಾದಿಸುವವರಿಗೆ ಎದುರಾಗುವ ಮೊದಲ ಆಕ್ಷೇಪ ನಿಜಕ್ಕೂ ಗಟ್ಟಿಯಾದದ್ದು. ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮ್ ಬಾಡಿಯೊಳಗೇ ಬೆಸೆದುಹೋಗಿದೆ. ಆದ್ದರಿಂದ ಬಾಡಿ ಈಗ ಬರೀ ಪೆಟ್ಟಿಗೆಯಲ್ಲ ಎನ್ನುತ್ತದೆ ಆ ಆಕ್ಷೇಪ. 1991ರಲ್ಲಿ ಕೊಡ್ಯಾಕ್ ಕಂಪನಿ ನಿಕಾನ್ ಎಫ್3 ಬಾಡಿಗೆ 1.3 ಮೆಗಾಪಿಕ್ಸೆಲ್ಲಿನ ಸೆನ್ಸರ್ ಜೋಡಿಸಿ ಮಾರಿದ ಡಿಸಿಎಸ್‌ಗೆ ಎಷ್ಟು ಒಳ್ಳೆಯ ಲೆನ್ಸ್ ಹಾಕಿದರೂ 1.3 ಮೆಗಾಪಿಕ್ಸೆಲ್ಲಿಗಿಂತ ಹೆಚ್ಚು ವಿವರ ಬರುವಂತಿರಲಿಲ್ಲ. 1999ರ ನಿಕಾನ್ ಡಿ1ರಲ್ಲಿ 2.7, 2003ರ ಕ್ಯಾನನ್ 300ಡಿಯಲ್ಲಿ 6.3, 2005ರ ಕ್ಯಾನನ್ 5ಡಿಯಲ್ಲಿ 12.8, 2012ರ ನಿಕಾನ್ ಡಿ800ರಲ್ಲಿ 36.3. ಕತ್ತಲಿನ ವಿಚಾರದಲ್ಲಿಯೂ ಹಾಗೆಯೇ: 2007ರ ನಿಕಾನ್ ಡಿ3, ಐಎಸ್ಒ (ಬೆಳಕಿನ ಸೂಕ್ಷ್ಮತೆ) 6400ರಲ್ಲಿ ಪತ್ರಿಕೆಗೆ ಕೊಡಬಹುದಾದ ಚಿತ್ರ ತೆಗೆದಾಗ ಅದು ಅಲ್ಲಿಯವರೆಗೆ ಸಾಧ್ಯವಿಲ್ಲದ ಮಾತಾಗಿತ್ತು. 1999ರಿಂದ 2012ರವರೆಗಿನ ಈ ಹದಿಮೂರು ವರ್ಷಗಳಲ್ಲಿ ಪ್ರತಿ ಎರಡು ಮೂರು ವರ್ಷಕ್ಕೊಮ್ಮೆ ಬಾಡಿ ಬದಲಿಸಿದವರು ಮೂರ್ಖರಲ್ಲ. ಆಗ ಸರಪಳಿಯ ದುರ್ಬಲ ಕೊಂಡಿ ಇದ್ದದ್ದು ಅಲ್ಲಿಯೇ. ಹಳೆಯ ಮಾತನ್ನು ಆ ವರ್ಷಗಳಿಗೂ ಹೊರಿಸುವುದು ಸತ್ಯಕ್ಕೆ ಅಪಚಾರ.

ಆದರೆ ಆ ಓಟ ಒಂದು ಗೋಡೆಯ ಹತ್ತಿರ ಬಂದಿದೆ, ಮತ್ತು ಆ ಗೋಡೆ ಕಂಪನಿಗಳದಲ್ಲ, ಬೆಳಕಿನ ಸ್ವಭಾವದ್ದು. ಬೆಳಕು ಬಿಡಿ ಬಿಡಿ ಕಣಗಳಾಗಿ, ಮಳೆ ಹನಿಗಳ ಹಾಗೆ ಅಲ್ಲಲ್ಲಿ ಹೆಚ್ಚುಕಮ್ಮಿಯಾಗಿ ಬಂದು ಬೀಳುತ್ತದೆ. ಮಂದ ಬೆಳಕಿನ ಚಿತ್ರದಲ್ಲಿ ಕಾಣುವ ನಾಯ್ಸ್ ಬಹುಮಟ್ಟಿಗೆ ಈ ಹೆಚ್ಚುಕಮ್ಮಿಯೇ, ಸೆನ್ಸರಿನ ತಪ್ಪಲ್ಲ. ಸೆನ್ಸರ್ ಮಾಡಬಹುದಾದದ್ದು ಬಿದ್ದ ಕಣಗಳಲ್ಲಿ ಆದಷ್ಟನ್ನು ಪೋಲು ಮಾಡದೆ ಎಣಿಸುವುದು. ಇಂದಿನ ಒಳ್ಳೆಯ ಸೆನ್ಸರ್‌ಗಳು ತಮ್ಮ ಪಿಕ್ಸೆಲ್ಲನ್ನು ಮುಟ್ಟಿದ ಹಸಿರು ಬೆಳಕಿನ ಅರ್ಧಕ್ಕಿಂತ ಹೆಚ್ಚನ್ನು ಈಗಾಗಲೇ ಎಣಿಸುತ್ತಿವೆ. ಅಂದ ಮೇಲೆ ನಾಳೆ ಒಂದು ಕಣವನ್ನೂ ಬಿಡದ ಪರಿಪೂರ್ಣ ಸೆನ್ಸರ್ ಬಂದರೂ ಲಾಭ ಎರಡು ಪಟ್ಟನ್ನು, ಅಂದರೆ ಒಂದು ಸ್ಟಾಪನ್ನು ಮುಟ್ಟುವುದಿಲ್ಲ. 2012ರ ಡಿ800 ಕಡಿಮೆ ಐಎಸ್ಒದಲ್ಲಿ ಹಿಡಿಯುತ್ತಿದ್ದ ಬೆಳಕು-ನೆರಳಿನ ಹರವು ಇಂದಿನ ಹೊಸ ಬಾಡಿಗಳದಕ್ಕೆ ಹತ್ತಿರವೇ ಇದೆ. ಈಚಿನ ವರ್ಷಗಳಲ್ಲಿ ಬಾಡಿಗಳ ಪ್ರಗತಿ ಹೋಗಿರುವುದು ವೇಗದ ಕಡೆಗೆ. ವೇಗಕ್ಕಾಗಿ ಹರವನ್ನು ಸ್ವಲ್ಪ ಬಿಟ್ಟುಕೊಟ್ಟ ಮಾದರಿಗಳೂ ಇವೆ: 2023ರಲ್ಲಿ ಪ್ರಕಟವಾದ ಸೋನಿ ಎ9 III ಇಡೀ ಚೌಕಟ್ಟನ್ನು ಒಂದೇ ಕ್ಷಣದಲ್ಲಿ ಓದುತ್ತದೆ, ಆದರೆ ಅದರ ಐಎಸ್ಒ ಆರಂಭವಾಗುವುದೇ 250ರಿಂದ.

ಲೆನ್ಸಿನ ಕಡೆಯ ಲೆಕ್ಕ ಬೇರೆ. ಕರಾವಳಿಯಲ್ಲಿ ರಾತ್ರಿ ನಡೆಯುವ ಯಕ್ಷಗಾನ ಬಯಲಾಟವೊಂದನ್ನು ತೆಗೆದುಕೊಳ್ಳೋಣ. ಧೀಂಗಿಣ ಹಾಕುವ ವೇಷಧಾರಿಯ ಮುಖ ಕಲಸಿಹೋಗದೆ ನಿಲ್ಲಬೇಕಾದರೆ ಶಟರ್ ಸೆಕೆಂಡಿನ 250ನೆಯ ಒಂದು ಭಾಗದಷ್ಟಾದರೂ ಇರಬೇಕು. ಕಿಟ್ ಲೆನ್ಸನ್ನು 55 ಮಿ.ಮೀ.ಗೆ ಎಳೆದಾಗ ಅದರ ಬಾಯಿ ಎಫ್ 5.6ಕ್ಕಿಂತ ತೆರೆಯದು. ಆ ರಂಗಸ್ಥಳದ ಬೆಳಕಿಗೆ ಆಗ ಐಎಸ್ಒ 12800 ಬೇಕಾಯಿತು ಎಂದಿಟ್ಟುಕೊಳ್ಳೋಣ. ಅದೇ ಬಾಡಿಗೆ 50 ಮಿ.ಮೀ. ಎಫ್ 1.8 ಲೆನ್ಸ್ ಹಾಕಿದರೆ ಒಳಬರುವ ಬೆಳಕು ಸುಮಾರು 9.7 ಪಟ್ಟಾಗುತ್ತದೆ, ಐಎಸ್ಒ 1250ರ ಆಸುಪಾಸಿಗೆ ಇಳಿಯುತ್ತದೆ. ಇದು ಮೂರು ಸ್ಟಾಪಿಗೂ ಮಿಕ್ಕ ಲಾಭ. ಬದಲಿಗೆ ಆ ಹಣಕ್ಕೆ ಇನ್ನೂ ಹಲವು ಪಟ್ಟು ಸೇರಿಸಿ ಫುಲ್ ಫ್ರೇಮ್ ಬಾಡಿ ಕೊಂಡು, ಎಫ್ 5.6ರದೇ ಮತ್ತೊಂದು ಜೂಮ್ ಹಾಕಿದರೆ? ಫುಲ್ ಫ್ರೇಮ್ ಸೆನ್ಸರಿನ ವಿಸ್ತಾರ 36×24 ಮಿ.ಮೀ., ಕ್ರಾಪ್ ಸೆನ್ಸರಿನದು ಸುಮಾರು 23.5×15.6 ಮಿ.ಮೀ.; ಅನುಪಾತ 2.4ರ ಹತ್ತಿರ, ಲಾಭ ಒಂದು ಸ್ಟಾಪಿಗಿಂತ ತುಸು ಹೆಚ್ಚು. ಇಷ್ಟಾಗಿ 50 ಮಿ.ಮೀ. ಎಫ್ 1.8 ಎಂಬುದು ಬಹುತೇಕ ಎಲ್ಲ ಕಂಪನಿಗಳ ಪಟ್ಟಿಯಲ್ಲೂ ಅತಿ ಅಗ್ಗದ ಲೆನ್ಸ್‌ಗಳಲ್ಲೊಂದು. ಜೂಮ್ ಇಲ್ಲವಲ್ಲ, ಫೋಕಸ್ಸಿನ ಆಳ ತೆಳುವಾಗುತ್ತದಲ್ಲ ಎನ್ನಬಹುದು. ಎರಡೂ ನಿಜ. ಐದು ಮೀಟರ್ ದೂರದಲ್ಲಿ ಆ ಆಳ ಮುಕ್ಕಾಲು ಮೀಟರಿಗೆ ಹತ್ತಿರ. ಒಬ್ಬ ವೇಷಧಾರಿ ಅದರೊಳಗೆ ನಿಲ್ಲುತ್ತಾನೆ, ಹಿಂದೆ ಕುಳಿತ ಭಾಗವತರು ಮಸುಕಾಗುತ್ತಾರೆ. ಇಬ್ಬರೂ ಚೊಕ್ಕವಾಗಿ ಬೇಕೆನ್ನುವವರಿಗೆ ಈ ಲೆಕ್ಕ ಪೂರ್ತಿ ದಕ್ಕುವುದಿಲ್ಲ. ಒಬ್ಬರನ್ನು ಹಿಡಿಯಬೇಕೆನ್ನುವವರಿಗೆ ಇಷ್ಟು ಕಡಿಮೆ ಹಣದಲ್ಲಿ ಇಷ್ಟು ದೊಡ್ಡ ಜಿಗಿತ ಬೇರೆಲ್ಲೂ ಸಿಗದು.

ವಿವರಗಳ ವಿಚಾರಕ್ಕೆ ಬಂದರೆ ಲೆನ್ಸ್ ಪಕ್ಷದವರೇ ಹರಡಿದ ಒಂದು ತಪ್ಪು ಕಲ್ಪನೆಯನ್ನು ಮೊದಲು ತಿದ್ದಬೇಕು. ಹಳೆಯ ಲೆನ್ಸ್ ಹೊಸ ಸೆನ್ಸರಿಗೆ ಸಾಲದು, ಅದರ ಮೇಲೆ ಹೆಚ್ಚು ಮೆಗಾಪಿಕ್ಸೆಲ್ ವ್ಯರ್ಥ ಎನ್ನುತ್ತಾರೆ. ಹಾಗಿಲ್ಲ. ಬಿಂಬದ ನವುರಾದ ಗೆರೆಗಳ ಕಪ್ಪು-ಬಿಳುಪಿನ ಅಂತರವನ್ನು ಲೆನ್ಸ್ ಎಷ್ಟು ಉಳಿಸುತ್ತದೆ, ಸೆನ್ಸರ್ ಎಷ್ಟು ಉಳಿಸುತ್ತದೆ ಎಂಬ ಎರಡು ಭಿನ್ನರಾಶಿಗಳು ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ. ಯಾವುದನ್ನು ಹೆಚ್ಚಿಸಿದರೂ ಗುಣಲಬ್ಧ ಹೆಚ್ಚುತ್ತದೆ. ಆದರೆ ಗುಣಾಕಾರದಲ್ಲಿ ಸಣ್ಣ ಸಂಖ್ಯೆಯನ್ನು ಎತ್ತುವುದೇ ಲಾಭ. ಲೆನ್ಸಿನದು 0.5, ಸೆನ್ಸರಿನದು 0.8 ಇದ್ದಲ್ಲಿ ಫಲ 0.4. ಸೆನ್ಸರನ್ನು 0.9ಕ್ಕೆ ಏರಿಸಿದರೆ 0.45 ಆಗುತ್ತದೆ, ಲೆನ್ಸನ್ನು 0.8ಕ್ಕೆ ಏರಿಸಿದರೆ 0.64. ಜೊತೆಗೆ ಮೆಗಾಪಿಕ್ಸೆಲ್ ಎಂಬ ಅಂಕಿ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ: 24ರಿಂದ 45ಕ್ಕೆ ಹೋದಾಗ ಉದ್ದಗಲದಲ್ಲಿ ಸಿಗುವ ಹೆಚ್ಚಳ ನೂರಕ್ಕೆ 37ರಷ್ಟು ಮಾತ್ರ. ಇದನ್ನು ಫೋಕಲ್ ಲೆಂತ್ ಜೊತೆ ಹೋಲಿಸಬೇಕು. ರಂಗನತಿಟ್ಟಿನ ದೋಣಿಯಲ್ಲಿ ಕುಳಿತು ದೂರದ ಬಂಡೆಯ ಮೇಲಿನ ಹಕ್ಕಿಯನ್ನು 55 ಮಿ.ಮೀ.ನಲ್ಲಿ ತೆಗೆದು, 300 ಮಿ.ಮೀ.ನಲ್ಲಿ ತೆಗೆದಂತೆ ಕತ್ತರಿಸಿಕೊಂಡರೆ ಚೌಕಟ್ಟಿನ ಮೂವತ್ತರಲ್ಲೊಂದು ಭಾಗ ಉಳಿಯುತ್ತದೆ. 45 ಮೆಗಾಪಿಕ್ಸೆಲ್ ಇದ್ದದ್ದು ಒಂದೂವರೆ ಮೆಗಾಪಿಕ್ಸೆಲ್ ಆಗುತ್ತದೆ. ಸಾಧಾರಣ 300 ಮಿ.ಮೀ. ಲೆನ್ಸಿಗಿರುವ ಈ ಮೇಲುಗೈಯನ್ನು ಮೀರಿಸುವ ಬಾಡಿ ಮಾರುಕಟ್ಟೆಯಲ್ಲಿ ಇಲ್ಲ.

ಬಾಡಿಯ ಕೈಗೆ ಯಾವ ರೀತಿಯಲ್ಲೂ ಎಟುಕದ ಕೆಲಸಗಳೂ ಇವೆ. ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಬದುಕುವ ಕುಂಬಾರ ಕಪ್ಪೆಯನ್ನು ವಿಜ್ಞಾನಿಗಳು 2014ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದರು. ಅದರ ಗಂಡು ಮೊಟ್ಟೆಗಳ ಮೇಲೆ ಮುಂಗಾಲಿನಿಂದ ಕೆಸರು ಬಳಿಯುತ್ತದೆ. ಆ ಕೆಸರಿನ ಲೇಪವನ್ನು ತೋರಿಸಬೇಕಾದರೆ ಬೆರಳಗಲದ ಜಾಗ ಚೌಕಟ್ಟನ್ನು ತುಂಬಬೇಕು. ನಿಜ ಗಾತ್ರದಲ್ಲೇ ಬಿಂಬ ಮೂಡಿಸುವ ಮ್ಯಾಕ್ರೋ ಲೆನ್ಸ್ ಕ್ರಾಪ್ ಸೆನ್ಸರಿನ ಮೇಲೆ 23.5 ಮಿ.ಮೀ. ಅಗಲವನ್ನು ತುಂಬಿಸುತ್ತದೆ, ಕಿಟ್ ಲೆನ್ಸ್ ಹತ್ತಿರ ಹೋದಷ್ಟು ಹೋದರೂ ಸುಮಾರು 75–80 ಮಿ.ಮೀ.ಗೆ ನಿಂತುಬಿಡುತ್ತದೆ. ಬೇಲೂರಿನ ಚೆನ್ನಕೇಶವ ದೇಗುಲದ ಎತ್ತರದಲ್ಲಿರುವ ಮದನಿಕೆಯರನ್ನು ಕೆಳಗೆ ನಿಂತು ಕ್ಯಾಮೆರಾ ಮೇಲೆತ್ತಿ ತೆಗೆದರೆ ಕಂಬ, ಗೋಡೆಗಳು ಹಿಂದಕ್ಕೆ ವಾಲಿದಂತೆ ಬರುತ್ತವೆ. ಕ್ಯಾಮೆರಾವನ್ನು ನೆಟ್ಟಗೆ ಇಟ್ಟುಕೊಂಡು ಗಾಜನ್ನಷ್ಟೇ ಮೇಲಕ್ಕೆ ಸರಿಸುವ ಲೆನ್ಸ್‌ಗಳು 1960ರ ದಶಕದಿಂದ 35 ಮಿ.ಮೀ. ಕ್ಯಾಮೆರಾಗಳಿಗೆ ಸಿಗುತ್ತಿವೆ. ಶಿಲ್ಪದ ಅಳತೆ ಕೆಡದಂತೆ ದಾಖಲಿಸಬೇಕಾದವರಿಗೆ ಅದು ಅಲಂಕಾರವಲ್ಲ, ಅಗತ್ಯ. ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಬಹುದು ನಿಜ. ಆದರೆ ಹಿಗ್ಗಿಸಿದ ಭಾಗದಲ್ಲಿ ವಿವರ ತೆಳುವಾಗುತ್ತದೆ, ಅದೂ ಮದನಿಕೆಯ ಮುಖವಿರುವ ಮೇಲ್ಭಾಗದಲ್ಲಿಯೇ.

ಅದೇ ದೇಗುಲದ ಒಳಗೆ ಕಾಲಿಟ್ಟರೆ ಮಾತ್ರ ಬಾಡಿಯ ಪರ ಒಂದು ಒಳ್ಳೆಯ ವಾದ ಸಿಗುತ್ತದೆ. ನವರಂಗದ ಕತ್ತಲಲ್ಲಿ ಹೊಳೆಯುವ ಕಂಬಗಳು ಅಲುಗಾಡುವುದಿಲ್ಲ, ಟ್ರೈಪಾಡಿಗೆ ಅನುಮತಿ ಬೇಕಾಗುತ್ತದೆ, ಕಂಬದ ಮುಂದಿನಿಂದ ಹಿಂದಿನವರೆಗೆ ಎಲ್ಲವೂ ಚೊಕ್ಕವಾಗಿರಬೇಕಾದ್ದರಿಂದ ಲೆನ್ಸಿನ ಬಾಯನ್ನು ತೆರೆಯುವಂತಿಲ್ಲ. ಇಂಥಲ್ಲಿ ಸೆನ್ಸರನ್ನೇ ಅಲುಗಾಡಿಸಿ ಕೈನಡುಕವನ್ನು ಸರಿದೂಗಿಸುವ ಬಾಡಿ ಬಹಳ ಉಪಕಾರಿ. ಆಗ ಹಾಕುವ ಪ್ರತಿಯೊಂದು ಲೆನ್ಸಿಗೂ ಆ ಉಪಕಾರ ಸಲ್ಲುತ್ತದೆ. ಯಕ್ಷಗಾನಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ, ಅಲ್ಲಿ ಅಲುಗಾಡುವುದು ಕೈಯಲ್ಲ, ಕಲಾವಿದ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಆಟೋಫೋಕಸ್ಸಿನದು. ಕಬಿನಿಯಲ್ಲಿ ಮೀನಿಗೆ ಎರಗುವ ಗಿಡುಗ, ಕರಾವಳಿಯ ಕಂಬಳದ ಗದ್ದೆಯಲ್ಲಿ ನೀರು ಚಿಮ್ಮಿಸುತ್ತ ಎದುರಿಗೇ ಓಡಿಬರುವ ಕೋಣಗಳು: ಇವು ಪ್ರತಿ ಕ್ಷಣವೂ ದೂರ ಬದಲಿಸುತ್ತವೆ. ಕಣ್ಣು ಎಲ್ಲಿದೆ ಎಂದು ಗುರುತಿಸಿ, ಮುಂದಿನ ಚೌಕಟ್ಟಿನ ಹೊತ್ತಿಗೆ ಅದು ಎಲ್ಲಿರುತ್ತದೆ ಎಂದು ಊಹಿಸಿ, ಲೆನ್ಸಿನ ಮೋಟರಿಗೆ ಆಜ್ಞೆ ಕೊಡುವುದು ಬಾಡಿಯೊಳಗಿನ ಪ್ರೊಸೆಸರ್. 2017ರ ಸೋನಿ ಎ9, 2021ರ ನಿಕಾನ್ ಝಡ್9 ಬಂದ ಮೇಲೆ ಈ ವಿದ್ಯೆ ಎಷ್ಟು ಮುಂದೆ ಹೋಗಿದೆಯೆಂದರೆ ಹತ್ತು ವರ್ಷ ಹಳೆಯ ಬಾಡಿಗೆ ಎಂಥ ದುಬಾರಿ ಲೆನ್ಸ್ ಹಾಕಿದರೂ ಅದು ಬಾರದು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಎಂ.ವೈ. ಘೋರ್ಪಡೆಯವರಂಥ ನಮ್ಮ ಹಿರಿಯರು ಕೈಯಿಂದಲೇ ಫೋಕಸ್ ತಿರುಗಿಸಿ ಕಾಡಿನ ಅದ್ಭುತ ಚಿತ್ರಗಳನ್ನು ಕೊಟ್ಟರಲ್ಲ ಎಂದು ಉತ್ತರಿಸುವುದುಂಟು. ಅದು ಅವರ ತಾಳ್ಮೆಗೆ, ಪ್ರಾಣಿಗಳ ನಡವಳಿಕೆಯ ತಿಳಿವಳಿಕೆಗೆ ಸಲ್ಲುವ ಗೌರವ, ಆಕ್ಷೇಪಕ್ಕೆ ಉತ್ತರವಲ್ಲ. ಓಡುವುದನ್ನು, ಹಾರುವುದನ್ನು ತೆಗೆಯುವವರ ಮಟ್ಟಿಗೆ ಬಾಡಿಯೇ ದುರ್ಬಲ ಕೊಂಡಿಯಾಗಿರಬಹುದು ಎಂದು ಒಪ್ಪಬೇಕು. ದೃಶ್ಯಗಳನ್ನು ವಿಡಿಯೋದಲ್ಲಿ ಹಿಡಿಯುವವರಿಗೂ ಇದು ಅನ್ವಯಿಸುತ್ತದೆ.

ಇಲ್ಲಿಯೇ ಇನ್ನೊಂದು ಮಾತನ್ನೂ ಒಪ್ಪಬೇಕಾಗುತ್ತದೆ. ಲೆನ್ಸಿನ ಲಾಭದ ಮೊದಲ ಮೆಟ್ಟಿಲು ಅಗ್ಗ, ಎತ್ತರ. ಮೇಲಿನ ಮೆಟ್ಟಿಲುಗಳು ದುಬಾರಿ, ಗಿಡ್ಡ. 600 ಮಿ.ಮೀ.ನಲ್ಲಿ ಎಫ್ 6.3 ಇರುವ ಜೂಮ್ ಬಿಟ್ಟು, ಜೂಮ್ ಆಗದ ಎಫ್ 4 ಪ್ರೈಮ್ ಲೆನ್ಸ್ ಕೊಂಡರೆ ಬೆಳಕು ಎರಡೂವರೆ ಪಟ್ಟು, ಅಂದರೆ 1.3 ಸ್ಟಾಪ್ ಹೆಚ್ಚುತ್ತದೆ. ಆದರೆ ಅದಕ್ಕೆ 150 ಮಿ.ಮೀ. ಅಗಲದ ಗಾಜು ಬೇಕು. ಅಂಥ ಹೊಸ ಲೆನ್ಸಿನ ಬೆಲೆ ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಕ್ರಾಪ್ ಸೆನ್ಸರಿನಿಂದ ಫುಲ್ ಫ್ರೇಮಿಗೆ ಹೋದರೆ ಸಿಗುವ ಲಾಭವೂ ಹೆಚ್ಚುಕಡಿಮೆ ಅಷ್ಟೇ, ಖರ್ಚು ಅದರ ಒಂದು ಸಣ್ಣ ಪಾಲು. ಹಕ್ಕಿ ಆಗ ಚೌಕಟ್ಟಿನಲ್ಲಿ ಚಿಕ್ಕದಾಗುತ್ತದೆ, ಹತ್ತಿರ ಹೋಗಬಲ್ಲವರಿಗಷ್ಟೇ ಆ ಲಾಭ ಪೂರ್ತಿ ಸಿಗುತ್ತದೆ ಎಂಬುದನ್ನೂ ಸೇರಿಸಬೇಕು. ಹೀಗೆ ಕಿಟ್ ಲೆನ್ಸ್ ಇರುವವರಿಗೆ ಕಣ್ಣುಮುಚ್ಚಿ ಹೇಳಬಹುದಾದ ಮಾತನ್ನು ಒಳ್ಳೆಯ ಲೆನ್ಸ್ ಈಗಾಗಲೇ ಇರುವವರಿಗೆ ಹೇಳುವಂತಿಲ್ಲ.

ಸಾಫ್ಟ್‌ವೇರ್ ಎಲ್ಲವನ್ನೂ ಸರಿಮಾಡುತ್ತದೆ, ಇನ್ನು ಬಾಡಿ ಲೆನ್ಸ್ ಎರಡೂ ಮುಖ್ಯವಲ್ಲ ಎಂಬ ವಾದ ಈಚೆಗೆ ಕೇಳಿಬರುತ್ತಿದೆ. ಗೆರೆಗಳ ಬಾಗು, ಮೂಲೆಗಳ ಕಪ್ಪು, ಅಂಚಿನ ಬಣ್ಣಗಳನ್ನು ಅದು ನಿಜಕ್ಕೂ ತಿದ್ದುತ್ತದೆ. ಕೃತಕ ಬುದ್ಧಿಮತ್ತೆಯ ನೆರವಿನಿಂದ ನಾಯ್ಸ್ ತೆಗೆಯುವ ಸಾಧನಗಳು ಹಳೆಯ ಸೆನ್ಸರಿನ ಚಿತ್ರವನ್ನೂ ಬಹಳ ಮೇಲಕ್ಕೆತ್ತುತ್ತವೆ. ಆದರೆ ಈ ಉಪಕಾರ ಹೆಚ್ಚಾಗಿ ಬಾಡಿಯ ಕೊರತೆಗೆ ಆಗುವಂಥದ್ದು: ನಾಯ್ಸ್ ಕಡಿಮೆ ಮಾಡುವುದಕ್ಕಾಗಿಯೇ ಹೊಸ ಬಾಡಿ ಕೊಳ್ಳುವ ಕಾರಣವನ್ನು ಅದು ದುರ್ಬಲಗೊಳಿಸುತ್ತದೆ. ಲೆನ್ಸ್ ಒಳಗೆ ಬಿಡದಿದ್ದ ವಿವರವನ್ನು ಅದು ಊಹಿಸಿ ಬರೆಯಬಲ್ಲದು, ಮರಳಿ ತರಲಾರದು. ಮದುವೆಯ ಆಲ್ಬಮ್ಮಿಗೆ ಊಹೆ ಸಾಕಾಗಬಹುದು. ಶಾಸನದ ಅಕ್ಷರ, ಹಕ್ಕಿಯ ಗರಿಯ ಗೆರೆ ದಾಖಲಿಸುವವರಿಗೆ ಊಹೆ ಬೇಡವೇ ಬೇಡ.

ಬಾಳಿಕೆಯ ವಾದವನ್ನು ಲೆನ್ಸ್ ಪಕ್ಷದವರು ಯಾವಾಗಲೂ ಮುಂದಿಡುತ್ತಾರೆ, ಮತ್ತು ಅದಕ್ಕೆ ಬಾನಿನಲ್ಲಿ ಒಂದು ಸಾಕ್ಷಿಯಿದೆ. ಹಬಲ್ ದೂರದರ್ಶಕವನ್ನು 1990ರಲ್ಲಿ ಹಾರಿಸಿದಾಗ ಅದರ 2.4 ಮೀಟರ್ ಕನ್ನಡಿಯ ಅಂಚು ಇರಬೇಕಾದುದಕ್ಕಿಂತ ಸುಮಾರು 2.2 ಮೈಕ್ರೋಮೀಟರ್ ಚಪ್ಪಟೆಯಾಗಿತ್ತು; ಒಳಗಿನ ಉಪಕರಣಗಳು ಎಷ್ಟು ಶ್ರೇಷ್ಠವಾಗಿದ್ದರೂ ಚಿತ್ರಗಳು ಮಸುಕಾದವು. 1993ರಲ್ಲಿ ಗಗನಯಾತ್ರಿಗಳು ತಿದ್ದುವ ದೃಗುಪಕರಣ ಕೂಡಿಸಿದ ಮೇಲೆಯೇ ಅದಕ್ಕೆ ಕಣ್ಣು ಬಂದದ್ದು. ಅಲ್ಲಿಂದ 2009ರವರೆಗೆ ಅದರ ಕ್ಯಾಮೆರಾಗಳನ್ನು ಮತ್ತೆ ಮತ್ತೆ ಬದಲಿಸಿದರು, ಕನ್ನಡಿ ಮಾತ್ರ ಅದೇ. ಪ್ರತಿ ಬದಲಾವಣೆಯೂ ಚಿತ್ರವನ್ನು ಉತ್ತಮಪಡಿಸಿತು ಎಂಬುದು ಬಾಡಿಯ ಪಕ್ಷಕ್ಕೂ ಸಲ್ಲಬೇಕಾದ ಮಾತು. ಭೂಮಿಯ ಮೇಲೆ ಲೆನ್ಸಿನ ಆಯುಷ್ಯ ಅದನ್ನು ಬಾಡಿಗೆ ಕೂಡಿಸುವ ಮೌಂಟಿನ ಆಯುಷ್ಯಕ್ಕೆ ಕಟ್ಟುಬಿದ್ದಿದೆ. 1987ರಲ್ಲಿ ಕ್ಯಾನನ್ ತನ್ನ ಎಫ್‌ಡಿ ಮೌಂಟನ್ನು ಕೈಬಿಟ್ಟು ಇಎಫ್ ತಂದಾಗ ಅಲ್ಲಿಯವರೆಗಿನ ಲೆನ್ಸ್‌ಗಳು ಹೊಸ ಬಾಡಿಗಳಿಗೆ ಹೊರಗಿನವಾದವು. ಆದರೆ ಆ ವರ್ಷದ ಇಎಫ್ ಲೆನ್ಸ್‌ಗಳು 2018ರಲ್ಲಿ ಬಂದ ಆರ್‌ಎಫ್ ಬಾಡಿಗಳ ಮೇಲೆ ಅಡಾಪ್ಟರ್ ಮೂಲಕ ಆಟೋಫೋಕಸ್ ಸಹಿತ ಕೆಲಸ ಮಾಡುತ್ತವೆ. ನಿಕಾನ್‌ನ ಹಳೆಯ ಕೆಲವು ಆಟೋಫೋಕಸ್ ಲೆನ್ಸ್‌ಗಳಲ್ಲಿ ಮೋಟರ್ ಇಲ್ಲ. ಅವನ್ನು ಕಂಪನಿಯದೇ ಎಫ್‌ಟಿಝಡ್ ಅಡಾಪ್ಟರಿನ ಮೂಲಕ ಹೊಸ ಝಡ್ ಬಾಡಿಗೆ ಹಾಕಿದರೆ ಫೋಕಸನ್ನು ಕೈಯಿಂದಲೇ ತಿರುಗಿಸಬೇಕು. ಕೊಳ್ಳುವ ಮೊದಲು ಇದನ್ನು ವಿಚಾರಿಸದಿದ್ದರೆ ಬಾಳಿಕೆಯ ವಾದ ಅರ್ಧಕ್ಕೇ ಮುರಿಯುತ್ತದೆ.

ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಇನ್ನೊಂದು ಅಪಾಯವಿದೆ: ಫಂಗಸ್. ಮಳೆಗಾಲದ ತಿಂಗಳುಗಳಲ್ಲಿ ಚರ್ಮದ ಚೀಲದಲ್ಲೋ ಮರದ ಬೀರುವಿನಲ್ಲೋ ಮುಚ್ಚಿಟ್ಟ ಲೆನ್ಸಿನ ಒಳಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು ಹಬ್ಬುತ್ತವೆ. ತಡವಾದರೆ ಗಾಜಿನ ಲೇಪವನ್ನೇ ತಿನ್ನುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು, ಬಣ್ಣ ತಿರುಗಿದಾಗ ಬಿಸಿಮಾಡಿ ಒಣಗಿಸುತ್ತಿದ್ದರೆ, ಇಲ್ಲವೇ ತೇವಾಂಶವನ್ನು ನೂರಕ್ಕೆ 40–50ರಲ್ಲಿ ನಿಲ್ಲಿಸುವ ಡ್ರೈ ಕ್ಯಾಬಿನೆಟ್ಟಿನಲ್ಲಿಟ್ಟರೆ ಲೆನ್ಸ್ ದಶಕಗಳ ಕಾಲ ಉಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವವರು ಮೊಬೈಲ್ ಟಾರ್ಚನ್ನು ಹಿಂದಿನಿಂದ ಹಿಡಿದು ಮುಂದಿನಿಂದ ನೋಡಿಯೇ ಹಣ ಕೊಡಬೇಕು.

ಕೊನೆಗೆ ಈ ಆಯ್ಕೆ ಬಗೆಹರಿಯುವುದು ಅಂಗಡಿಯಲ್ಲಲ್ಲ, ಹಾಳಾದ ಚಿತ್ರಗಳಲ್ಲಿ. ಒಂದು ವರ್ಷದಲ್ಲಿ ತೆಗೆದವುಗಳಲ್ಲಿ ಬೇಡವೆಂದು ಬಿಟ್ಟವನ್ನು ಕಂಪ್ಯೂಟರಿನಲ್ಲಿ ತೆರೆದು, ಪ್ರತಿಯೊಂದರ ಶಟರ್, ಅಪರ್ಚರ್ (ಲೆನ್ಸಿನ ಬಾಯಿ), ಐಎಸ್ಒ, ಫೋಕಲ್ ಲೆಂತ್ ಅಂಕಿಗಳನ್ನು ಗಮನಿಸಬೇಕು. ಅಪರ್ಚರ್ ಸದಾ 5.6ಕ್ಕೆ ನಿಂತು, ಐಎಸ್ಒ ಸಾವಿರಗಳಲ್ಲಿ ಏರಿದ್ದರೆ ಅಗಲ ಬಾಯಿಯ ಲೆನ್ಸ್ ಬೇಕು. ಫೋಕಲ್ ಲೆಂತ್ ಸದಾ 55ಕ್ಕೆ ತಾಗಿ, ವಿಷಯ ಚಿಕ್ಕದಾಗಿ ಬಂದಿದ್ದರೆ ಟೆಲಿ ಬೇಕು. ಸದಾ 18ಕ್ಕೆ ತಾಗಿ, ಮನೆಯ ಗೋಡೆಗೆ ಬೆನ್ನು ಒತ್ತಿದ್ದರೆ ವೈಡ್ ಬೇಕು. ಕೊಂಬೆ ಚೊಕ್ಕವಾಗಿ, ಹಾರುವ ಹಕ್ಕಿಯ ಕಣ್ಣು ಮಸುಕಾಗಿ ಬಂದ ಚಿತ್ರಗಳೇ ಬಹುಪಾಲಾಗಿದ್ದರೆ ಆಗ ಹೊಸ ಬಾಡಿ. ಅಪರ್ಚರ್ 8, ಐಎಸ್ಒ 100, ಶಟರ್ ಮಾತ್ರ ಸೆಕೆಂಡಿನ ಎಂಟನೆಯ ಒಂದು ಭಾಗ ಎಂದಿದ್ದು, ಇಡೀ ಬೆಟ್ಟಸಾಲು ಅಲುಗಿದಂತೆ ಬಂದಿದ್ದರೆ ಎರಡೂ ಬೇಡ. ಬೇಕಿರುವುದು ಒಂದು ಗಟ್ಟಿ ಟ್ರೈಪಾಡ್.